ನೀರು ಸೋಸುವ ಅರಿವೆ

ಗೆಳೆಯರೇ, ಇವತ್ತು ಅಥಣಿ ತಾಲ್ಲೂಕಿನ ಅನಂತಪುರದಲ್ಲಿ ನನ್ನ ಪಾಠವನ್ನು ಒಂದು ತುಂಡು ಅರಿವೆ ಮುಗಿಸಿತು.

ಹತ್ತು ಜನ ಮೆಡಿಕಲ್ ವಿದ್ಯಾರ್ಥಿಗಳನ್ನು ಹಳೆಯ ಮೆಟ್ಟಿಲಬಾವಿಯ ಮುಂದೆ ನಿಲ್ಲಿಸಿ ಕೇಳಿದೆ: "ಕುಡಿಯುವ ನೀರಿನಿಂದ ಮೈಸೇರಿ, ಕಾಲು ಸೀಳಿಕೊಂಡು ಹೊರಬರುತ್ತಿದ್ದ ನಾರುಹುಳು ನಮ್ಮ ದೇಶದಿಂದ ಹೋದದ್ದು ಹೇಗೆ?" ಒಬ್ಬ ಲಸಿಕೆ ಎಂದ, ಇನ್ನೊಬ್ಬ ಮಾತ್ರೆ ಎಂದ. "ಎರಡೂ ಇರಲಿಲ್ಲ" ಎಂದಷ್ಟೇ ಹೇಳಿ ಉತ್ತರ ತಡೆಹಿಡಿದೆ. ಮೇಷ್ಟ್ರ ಗತ್ತು, ಏನು ಮಾಡುವುದು!

ಪಕ್ಕದ ಮನೆಯ ಕಾಶವ್ವಾಯಿಗೆ ಎಂಬತ್ತರ ಆಸುಪಾಸು; ಆಯಿ ಎಂದರೆ ಇಲ್ಲಿ ಅಜ್ಜಿ. "ಬಿಸಲಾಗ ಯಾಕ ನಿಂತೀರಿ? ಒಳಗ ಬರ್ರಿ" ಎಂದು ಕರೆದರು. ನೀರು ಕೊಡಲು ಫಿಲ್ಟರ್ ನೀರಿನ ಕ್ಯಾನು ಬಗ್ಗಿಸಿ, ನಾಲ್ಕು ಮಡಿಕೆಯ ಹಳೇ ಸೀರೆ ತುಂಡಿನಲ್ಲಿ ಸೋಸತೊಡಗಿದರು.

ಮೈಸೂರಿನ ವಿದ್ಯಾರ್ಥಿನಿ ನಕ್ಕಳು: "ಅಜ್ಜಿ, ಇದು ಫಿಲ್ಟರ್ ನೀರು. ಮತ್ತೆ ಯಾಕೆ ಸೋಸ್ತೀರಾ?"

ಆಯಿ ಸೀರೆ ತುಸು ಸರಿಸಿ ಕಾಲಿನ ಮೇಲಿನ ಕಲೆ ತೋರಿಸಿದರು. "ನೋಡವ್ವಾ, ನಾ ಸಣ್ಣಾಕಿ ಇದ್ದಾಗ ನಾರುಹುಳ ಇಲ್ಲೇ ಹೊರಗ ಬಿದ್ದಿತ್ತು. ನಮ್ಮವ್ವ ಕಡ್ಡಿಗಿ ಸುತ್ತಿ ದಿನಾ ಇಷ್ಟಿಷ್ಟ ಎಳದಿದ್ಲು."

"ಆ ರೋಗ ಈಗಿಲ್ಲ ಅಜ್ಜಿ. ಹೋಗಿ ಎಷ್ಟೋ ವರ್ಷ ಆಯ್ತು."

"ತಾನ ಹೋತೇನ ಅದು? ನಾವು ಸೋಸಿ ಸೋಸಿ ಕಳಿಸೇವಿ."

ಪುಸ್ತಕದಲ್ಲಿ ಅರ್ಧ ಪುಟವಿರುವ ರೋಗವನ್ನು ದೇಶದಿಂದ ಅಟ್ಟಿದ ಕೈಗಳಲ್ಲಿ ಎರಡು, ಈಗ ನಮಗೆ ನೀರಿನ ಲೋಟ ಚಾಚಿದ್ದವು.

ಹೊರಡುವಾಗ, ತರಗತಿಯಲ್ಲಿ ತೋರಿಸಲು ಆ ಅರಿವೆ ಕೊಡುತ್ತೀರಾ ಎಂದು ಕೇಳಿದೆ.

"ಬೇಕಾದ್ರ ಫೋಟೋ ಹೊಡ್ಕೋರಿ ಸರ್. ಅರಿವಿ ಕೊಟ್ರ ಸಂಜಿಗೆ ನೀರ ಯಾತರಾಗ ಸೋಸ್ಲಿ?"