ಉಡಿಯೊಳಗಿನ ಅಡ್ವಾನ್ಸ್

ಗಂಡ ಸತ್ತ ಮೇಲೆ ನನಗೆ ಉಡಿ ತುಂಬಲು ಬಂದವಳು ಒಬ್ಬಳೇ: ಮನೆ ಮಾರುತ್ತೇನೆಂದು ನನ್ನಿಂದ ಅಡ್ವಾನ್ಸ್ ತೆಗೆದುಕೊಂಡಿದ್ದ ಹುಲುಗಪ್ಪನ ಹೆಂಡತಿ ಈರಮ್ಮ.

ತಾಟಿನಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಜಂಪರ್ ಪೀಸು. "ಸೆರಗು ಒಡ್ರಿ ಅತ್ತಿ" ಎಂದಳು. (ಅವತ್ತಿನಿಂದ ನಾನು ಅವಳಿಗೆ ಅತ್ತೆ.) ಮದುವೆ, ಸೀಮಂತ ಎಲ್ಲ ಕಡೆ ನನ್ನನ್ನು ದಾಟಿ ಪಕ್ಕದವಳಿಗೆ ಉಡಿ ತುಂಬಿದವರನ್ನೇ ಕಂಡವಳು ನಾನು. ಇವಳಿಗೇಕೆ ಇಷ್ಟು ಪ್ರೀತಿ?

ಪ್ರೀತಿಯಲ್ಲ. ರೇಟು.

ಕಂಪ್ಲಿ ಹತ್ತಿರದ ಗದ್ದೆ ಮಾರಿ ಕಮಲಾಪುರದಲ್ಲಿ ಹುಲುಗಪ್ಪನ ಮನೆ ಕೊಳ್ಳಲು ಅಗ್ರಿಮೆಂಟ್ ಮಾಡಿಕೊಂಡಿದ್ದೆ. ಸ್ಟಾಂಪ್ ಪೇಪರು, ಸಾಕ್ಷಿ, ಸಹಿ ಎಲ್ಲ ಆಗಿತ್ತು. (ನನಗೆ ಅಕ್ಷರ ಅಷ್ಟಕ್ಕಷ್ಟೇ. ಅದಕ್ಕೇ ಪೂರ್ತಿ ಓದಿಸಿ ಕೇಳಿ ಸಹಿ ಹಾಕಿದೆ.)

ಆಮೇಲೆ ಒಬ್ಬ ಸಾಹುಕಾರ ಬಂದ. ಹಂಪಿ ನೋಡಲು ಬರುವವರಿಗೆ ಹೋಂಸ್ಟೇ ಮಾಡುತ್ತೇನೆ, ಹೆಚ್ಚು ಕೊಡುತ್ತೇನೆ ಎಂದ. ಅಲ್ಲಿಂದ ರಿಜಿಸ್ಟ್ರೇಷನ್ ಮಾತೆತ್ತಿದರೆ ಹುಲುಗಪ್ಪನಿಗೆ ಒಮ್ಮೆ ಅಮಾವಾಸ್ಯೆ, ಒಮ್ಮೆ ಸೊಂಟನೋವು. ಕೊನೆಗೆ ಫೋನಿನಲ್ಲಿ ಬಾಯಿಬಿಟ್ಟ: "ಅಮ್ಮಾ, ನಿಮ್ ರೊಕ್ಕ ನೀವು ತಗೊಂಡು ಸುಮ್ಮನಾಗಿಬಿಡ್ರಿ."

ಹೇಗೆ ಸುಮ್ಮನಾಗಲಿ? ಗದ್ದೆ ಹೋಗಿದೆ. ಆ ರೊಕ್ಕಕ್ಕೆ ಈಗ ಕಮಲಾಪುರದಲ್ಲಿ ಬಚ್ಚಲೂ ಸಿಗುವುದಿಲ್ಲ.

ಹೊಸಪೇಟೆಗೆ ಹೋಗಿ ವಕೀಲರನ್ನು ಕಂಡೆ. ಮೊಮ್ಮಗಳ ವಯಸ್ಸಿನ ಹುಡುಗಿ.

"ಅಜ್ಜಿ, ನಿಮಗ ಮನೀನ ಬೇಕೋ, ರೊಕ್ಕ ಬೇಕೋ?"

"ಮನೀನ ಬೇಕವಾ. ರೊಕ್ಕ ಹಾಸ್ಕೊಂಡು ಮಲಗಾಕ ಆಗ್ತತೇನು?"

ರೊಕ್ಕ ಸಾಕೆಂದರೆ ಅಡ್ವಾನ್ಸಿನ ಜೊತೆ ಆದ ನಷ್ಟವನ್ನೂ ಕೇಳಬಹುದಂತೆ. ಮನೆಯೇ ಬೇಕೆಂದರೆ ನೋಟಿಸ್ ಕೊಟ್ಟು, ಅಗ್ರಿಮೆಂಟಿನಂತೆ ಬರೆದುಕೊಡಿಸಿ ಎಂದು ಕೋರ್ಟಿಗೆ ಹೋಗಬಹುದಂತೆ. ಅಲ್ಲಿಯವರೆಗೆ ಬೇರೆಯವರಿಗೆ ಮಾರದಂತೆ ತಡೆಯನ್ನೂ ಕೇಳಬಹುದು. ಆದರೆ ಬಾಕಿ ಹಣ ತಯಾರಿದೆ ಎಂದು ನಾವು ತೋರಿಸಬೇಕು. ತಡ ಮಾಡಿ ಕೂರಬಾರದು.

"ಒಂದು ಮಾತು ಅಜ್ಜಿ. ಅವ್ರು ಅಡ್ವಾನ್ಸ್ ಹೊಳ್ಳಿ ಕೊಟ್ರ ಇಸ್ಕೋಬ್ಯಾಡ್ರಿ. ಇಸ್ಕೊಂಡ್ರ, ಅಜ್ಜಿ ತಾನ ಮನಿ ಬಿಟ್ಟುಕೊಟ್ಲು ಅಂತಾರ."

ನೋಟಿಸ್ ಹೋಯಿತು. ಈರಮ್ಮ ತಾಟು ಹಿಡಿದು ಬಂದದ್ದು ಆಗ.

ಅವಳ ಹಿಂದೆ ಹುಲುಗಪ್ಪ ಮೊಬೈಲ್ ಎತ್ತಿ ವಿಡಿಯೋ ಮಾಡುತ್ತಿದ್ದ. ಮುದುಕಿಗೆ ಉಡಿ ತುಂಬುವುದನ್ನು ಯಾರಾದರೂ ವಿಡಿಯೋ ಮಾಡುತ್ತಾರೆಯೇ? ತಾಟು ನೋಡಿದೆ. ಜಂಪರ್ ಪೀಸಿನ ಮಡಿಕೆಯಿಂದ ನೋಟಿನ ಕಟ್ಟು ಇಣುಕುತ್ತಿತ್ತು.

"ಏನವಾ ಈರಮ್ಮ, ಜಂಪರ್ ಪೀಸು ಭಾಳ ದಪ್ಪ ಐತಲ್ಲ?"

"ಉಡಿ ಬ್ಯಾಡ ಅನಬಾರದ್ರಿ ಅತ್ತಿ. ದೇವ್ರು ಮೆಚ್ಚಂಗಿಲ್ಲ."

"ಇಷ್ಟು ವರ್ಷ ಎಲ್ಲಿ ಹೋಗಿದ್ನವಾ ನಿಮ್ ದೇವ್ರು? ಲೇ ಹುಲುಗಪ್ಪಾ, ಮೊಬೈಲ್ ಚಲೋತ್ನಾಗ ಹಿಡಿ. ನಾ ಮುಟ್ಟಿಲ್ಲ ಅನ್ನೋದು ಕಾಣ್ಲಿ!"

ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿದೆ. ಈರಮ್ಮ ಮುಂದೆ ಬಂದಳು, ನಾನು ಹಿಂದೆ ಸರಿದೆ. ನನ್ನ ಬಾಡಿಗೆ ಮನೆಯ ಪಡಸಾಲೆ ಮುಗಿಯಿತು, ಅಡುಗೆಮನೆ ಮುಗಿಯಿತು, ಹಿತ್ತಲಿಗೆ ಬಂದೆವು. ಅಲ್ಲಿ ಪಕ್ಕದ ಮನೆಯವರೆಲ್ಲ ಗೋಡೆಯ ಮೇಲೆ ಗದ್ದ ಇಟ್ಟುಕೊಂಡು ನಿಂತಿದ್ದರು. ಈರಮ್ಮನಿಗೆ ನಾಚಿಕೆಯಾಯಿತೋ ಕೈ ಸೋತಿತೋ, ತಾಟು ಇಳಿಸಿದಳು. ಹುಲುಗಪ್ಪ ವಿಡಿಯೋ ಅಳಿಸಿದ.

ಕೋರ್ಟಿನ ವಾಸನೆ ಬಂದದ್ದೇ ಹೋಂಸ್ಟೇ ಸಾಹುಕಾರ ಸಂಡೂರಿನ ಕಡೆ ಬೇರೆ ಮನೆ ನೋಡಿಕೊಂಡ. ಇತ್ತ ಕೇಸು ಹಾಕುವುದಕ್ಕೆ ವಕೀಲರು ಕಾಗದ ಸಿದ್ಧ ಮಾಡಿದ್ದರು. ಅದು ಗೊತ್ತಾಗಿ ಹುಲುಗಪ್ಪ ತಾನೇ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ಸಹಿ ಹಾಕಿದ. ಬಾಕಿ ಹಣ ಎಣಿಸಿಕೊಳ್ಳುತ್ತಲೇ, "ನನ್ ಹೊಟ್ಟಿ ಮ್ಯಾಲೆ ಹೊಡದ್ರಿ ಅಮ್ಮಾ" ಎಂದು ಮೂಗೊರೆಸಿಕೊಂಡ. ಸಾಕ್ಷಿಗೆ ಬಂದವರೂ "ಪಾಪ, ಲುಕ್ಸಾನ್ ಆತು" ಎಂದು ಅವನ ಬೆನ್ನು ಸವರಿದರು.

ಅಲ್ಲಾ, ರೇಟು ಇಳಿದಿದ್ದರೆ ಇದೇ ಹುಲುಗಪ್ಪ ನನ್ನನ್ನು ಅಗ್ರಿಮೆಂಟಿನಿಂದ ಬಿಟ್ಟು ಕಳಿಸುತ್ತಿದ್ದನೇ?