ಆಲ್ಬಮ್ಮಿನ ಬಿಳಿ ಫೋಟೋ

ನಾನು ಚಿಕ್ಕವಳಿದ್ದಾಗ ಪಾಂಡವಪುರದ ಸುತ್ತ ಯಾರ ಮನೆಯಲ್ಲಿ ಮದುವೆಯಾದರೂ ಫೋಟೋ ತೆಗೆಯಲು ನಮ್ಮಪ್ಪನೇ ಹೋಗುತ್ತಿದ್ದ. ಊರಿನ ಹೆಣ್ಣು ಗಂಡುಗಳೆಲ್ಲ ಅವನ ಕ್ಯಾಮೆರಾದೊಳಗೆ ಕೂತು ಎದ್ದವರೇ. ಆದರೆ ನಮ್ಮ ಮನೆಯಲ್ಲಿ ಅವ್ವನ ಫೋಟೋ ಒಂದೂ ಇರಲಿಲ್ಲ. ನಗಬೇಡಿ ಮಕ್ಕಳೇ, ನಿಜ ಹೇಳುತ್ತಿದ್ದೇನೆ.

ಅವ್ವ ಒಪ್ಪುತ್ತಿರಲಿಲ್ಲ. "ಫೋಟೋ ತೆಗೆಸ್ಕಂಡ್ರೆ ಆಯಸ್ಸು ಕಮ್ಮಿ ಆಯ್ತದೆ" ಎಂದು ಅವಳ ತಾಯಿ ಹೇಳಿದ್ದರಂತೆ. ಅಪ್ಪ ಕ್ಯಾಮೆರಾ ಎತ್ತಿದರೆ ಸಾಕು, ಸೆರಗು ಮುಖಕ್ಕೆ ಹಿಡಿದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. "ಊರೋರ ಆಯಸ್ಸೆಲ್ಲ ನಾನೇ ತಿಂದಿವ್ನಾ?" ಎಂದು ಅಪ್ಪ ರೇಗುತ್ತಿದ್ದ. ಅವಳು ಒಳಗಿನಿಂದಲೇ ನಗುತ್ತಿದ್ದಳು.

ಅಕ್ಕನ ಮದುವೆ ಗೊತ್ತಾಯಿತು. ಗಂಡಿನ ಮನೆ ಬೂಕನಕೆರೆ. ಮದುವೆಯ ಬೆಳಿಗ್ಗೆ ಮನೆ ಮುಂದಿನ ಚಪ್ಪರದ ತುಂಬ ಹಸಿ ತೆಂಗಿನ ಗರಿಯ ವಾಸನೆ, ಹಿತ್ತಲಿನಿಂದ ಬೇಳೆ ಬೇಯುವ ಘಮ. ಅಕ್ಕ ಅರಿಶಿನದ ಕೈಯಲ್ಲಿ ಅವ್ವನ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

"ನಾಳೆ ಅಲ್ಲಿ ನಿನ್ ಮಕ ನೋಡ್ಬೇಕು ಅನ್ನಿಸಿದ್ರೆ ನಾನೇನ್ ಮಾಡ್ಲವ್ವ?"

ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡು ಅಕ್ಕನ ಪಕ್ಕ ಚಾಪೆಯ ಮೇಲೆ ಕುಳಿತಳು. "ಒಂದೇ ಒಂದು ಕಣ್ರೀ" ಎಂದಳು. ಅಪ್ಪನ ಕ್ಯಾಮೆರಾ ಕ್ಲಿಕ್ ಎಂದಿತು. ಅಷ್ಟರಲ್ಲಿ ಹೊರಗಿನಿಂದ ಧಾರೆಗೆ ಕರೆ ಬಂತು. ಮಗಳಿಗೆ ಧಾರೆ ಎರೆಯಬೇಕಾದವನು ಕ್ಯಾಮೆರಾ ಹಿಡಿದು ನಿಲ್ಲುವ ಹಾಗಿಲ್ಲವಲ್ಲ. ಅಪ್ಪ ಅದನ್ನು ಕೋಣೆಯಲ್ಲಿ ಸುತ್ತಿಟ್ಟಿದ್ದ ಹಾಸಿಗೆಯ ಮೇಲಿಟ್ಟು, ಅವ್ವನನ್ನು ಕರೆದುಕೊಂಡು ಹೋದ. "ಯಾರೂ ಮುಟ್ದಂಗೆ ನೋಡ್ಕೊ ಮಗ" ಎಂದು ನನಗೆ ಹೇಳಿದ.

ಯಾರೂ ಮುಟ್ಟಲಿಲ್ಲ. ನಾನೇ ಮುಟ್ಟಿದೆ.

ಆಗಿನ ಕ್ಯಾಮೆರಾದೊಳಗೆ ಫಿಲ್ಮಿನ ರೀಲು ಇರುತ್ತಿತ್ತು. ಪೂರ್ತಿ ಮುಗಿದ ಮೇಲೆ ಅದನ್ನು ಹಿಂದಕ್ಕೆ ಸುತ್ತಿ, ಕತ್ತಲೆ ಕೋಣೆಯಲ್ಲಿ ತೊಳೆದರೆ ಮಾತ್ರ ಮುಖಗಳು ಮೂಡುತ್ತಿದ್ದವು. ಅದಕ್ಕೆ ಮೊದಲು ಬೆಳಕು ಬಿದ್ದರೆ ಕೆಟ್ಟಿತು. ಇದೆಲ್ಲ ನನಗೆಲ್ಲಿ ಗೊತ್ತಿತ್ತು? ಅಪ್ಪ ಗುಂಡಿ ಎಳೆದು ಹಿಂದಿನ ಮುಚ್ಚಳ ತೆಗೆಯುವುದನ್ನು ಎಷ್ಟೋ ಸಲ ಕಂಡಿದ್ದೆ. ಫೋಟೋ ಒಳಗೇ ಇರುತ್ತದೆ ಅಂದುಕೊಂಡಿದ್ದೆ. ಅವ್ವ ಫೋಟೋದಲ್ಲಿ ಹೇಗೆ ಕಾಣುತ್ತಾಳೆ ಎಂದು ಎಲ್ಲರಿಗಿಂತ ಮೊದಲು ನೋಡುವ ಆಸೆ. ಗುಂಡಿ ಎಳೆದೆ. ಒಳಗೆ ಬೂದು ಬಣ್ಣದ ಪಟ್ಟಿಯೊಂದು ಮಿಣಮಿಣ ಅಂತಿತ್ತು, ಅವ್ವ ಇರಲಿಲ್ಲ. ನಿರಾಸೆಯಿಂದ ಮುಚ್ಚಿಟ್ಟೆ. ಹೊರಗೆ ವಾಲಗ ಜೋರಾಗಿ ಕೇಳುತ್ತಿತ್ತು.

ನಾಲ್ಕು ದಿನದ ಮೇಲೆ ಅಪ್ಪ ಕತ್ತಲೆ ಕೋಣೆಯಿಂದ ಒದ್ದೆ ರೀಲು ಹಿಡಿದು ಹೊರಗೆ ಬಂದ. ಮೊದಲು ತೆಗೆದವು ಒಳಸುತ್ತಿನಲ್ಲಿದ್ದುದರಿಂದ ಉಳಿದಿದ್ದವು. ಧಾರೆಯ ನಂತರ ತೆಗೆದವೂ ಚೆನ್ನಾಗಿ ಬಂದಿದ್ದವು. ಬೀಗರು, ಚಪ್ಪರ, ಪಂಕ್ತಿಯ ಎಲೆಗಳು ಎಲ್ಲ ಇದ್ದವು. ಮೇಲಿನ ಸುತ್ತಿನಲ್ಲಿದ್ದ, ಅವ್ವ ಅಕ್ಕ ಕೂತ ಫೋಟೋ ಮಾತ್ರ ಇರಲಿಲ್ಲ. ಅಪ್ಪ ನನ್ನ ಕಡೆ ತಿರುಗಿದ. "ಮುಚ್ಚಳ ತಗ್ದ್ಯಾ ಮಗ?" ಎಂದಷ್ಟೇ ಕೇಳಿದ. ನಾನು ಓಡಿಹೋಗಿ ಅವ್ವನ ಮಡಿಲಿನಲ್ಲಿ ಮುಖ ಹುದುಗಿಸಿ, ನಿನ್ನನ್ನು ನೋಡಬೇಕಿತ್ತು ಎಂದು ಬಿಕ್ಕಿದೆ.

ಅವ್ವ ನನ್ನ ತಲೆ ಸವರಿದಳು. "ನನ್ನ ನೋಡಕ್ಕೆ ಅದ್ನ್ಯಾಕೆ ತಗ್ದೆ? ನಾನಿಲ್ಲೇ ಇದ್ನಲ್ಲವ್ವ" ಎಂದಳು.

ಅಪ್ಪ ಇನ್ನೊಮ್ಮೆ ಕೂರಲು ಎಷ್ಟು ಗೋಗರೆದರೂ ಅವಳು ಕೇಳಲಿಲ್ಲ. "ಒಂದ್ಸಲ ಕುಂತಿದ್ನಲ್ಲ, ಸಾಕು ಬುಡಿ" ಎಂದು ಕೆಲಸಕ್ಕೆ ಎದ್ದುಹೋದಳು. ಗೌರಿ ಹಬ್ಬಕ್ಕೆ ಮುಂಚೆ ಅವಳಿಗೆ ಜ್ವರ ಹಿಡಿಯಿತು, ಮತ್ತೆ ಏಳಲಿಲ್ಲ. ಅಕ್ಕನಿಗೆ ಬಾಗಿನ ಕೊಂಡೊಯ್ಯಬೇಕಿದ್ದ ಅಪ್ಪ, ಅವ್ವ ಹೋದಳೆಂದು ಹೇಳಲು ಬೂಕನಕೆರೆಗೆ ಹೋದ. ಆ ಫೋಟೋದಿಂದಲೇ ಅವ್ವನ ಆಯಸ್ಸು ಹೋಯಿತು, ಆ ಫೋಟೋವನ್ನೂ ನಾನೇ ಹಾಳು ಮಾಡಿದೆ ಎಂದು ನಾನು ಎಷ್ಟೋ ವರ್ಷ ನಂಬಿದ್ದೆ. ಈಗ ನಂಬುವುದಿಲ್ಲ. ಆದರೂ ಎದೆಯೊಳಗಿನ ಸಂಕಟ ಹೋಗಿಲ್ಲ.

ಅಕ್ಕ ಬಂದು ಅಪ್ಪನ ಡಬ್ಬಿಗಳನ್ನೆಲ್ಲ ಹುಡುಕಿದಳು. ಯಾರದೋ ಮದುವೆಯ ಗುಂಪಿನಲ್ಲಾದರೂ ಅವ್ವ ಇರಬಹುದು ಎಂಬ ಆಸೆ. ಎಲ್ಲೂ ಇರಲಿಲ್ಲ. ಕೊನೆಗೆ ಆ ಹಾಳಾದ ಫಿಲ್ಮನ್ನೇ ಪ್ರಿಂಟು ಹಾಕಿಕೊಡು ಎಂದಳು. ಅಪ್ಪ ಹಾಕಿಕೊಟ್ಟ. ಬರೀ ಬಿಳಿ ಹಾಳೆ. ಅದನ್ನೇ ಅವಳು ಆಲ್ಬಮ್ಮಿನ ಮೊದಲ ಪುಟಕ್ಕೆ ಅಂಟಿಸಿದಳು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೊನ್ನೆ ನಿಮ್ಮ ಚಿಕ್ಕಪ್ಪನ ಮದುವೆಯಲ್ಲಿ ಫೋಟೋ ತೆಗೆದವನು, ನಾನು ಕೇಳುವ ಮೊದಲೇ ಕ್ಯಾಮೆರಾ ತಿರುಗಿಸಿ ಹಿಂದೆ ತೋರಿಸಿದ. ನನ್ನ ಮುಖ ಅಲ್ಲೇ ಇತ್ತು. "ಕಣ್ಣು ಮುಚ್ಚವ್ರೆ ಅಜ್ಜಿ" ಎಂದು ಅಳಿಸಿ ಇನ್ನೊಂದು ತೆಗೆದ. ಅಂದು ನಾನು ಬಯಸಿದ್ದೂ ಅಷ್ಟೇ ಅಲ್ಲವೇ? ಹಿಂದೆ ತಿರುಗಿಸಿ ಒಂದು ಸಲ ನೋಡುವುದು. ನಿಮಗೆ ಅದು ಆಟ. ನನ್ನ ಫೋಟೋಗಳೇ ನಿಮ್ಮ ಮೊಬೈಲುಗಳಲ್ಲಿ ಲೆಕ್ಕವಿಲ್ಲದಷ್ಟಿವೆ, ರಾಗಿ ಮುದ್ದೆ ನುಂಗುವುದನ್ನೂ ಬಿಟ್ಟಿಲ್ಲ ನೀವು.

ಅಕ್ಕ ತೀರಿಹೋದ ಮೇಲೆ ಆ ಆಲ್ಬಮ್ ನನ್ನ ಬಳಿಗೆ ಬಂತು. ನಿನ್ನೆ ಅದನ್ನು ತೆರೆದು, ಈ ಬಿಳಿ ಹಾಳೆ ಯಾಕೆ ಎಂದು ಕೇಳಿದಿರಲ್ಲ, ಅದೇ ನಿಮ್ಮ ಮುತ್ತಜ್ಜಿ. ಅವಳ ಮೂಗು ಹೇಗಿತ್ತು, ನಕ್ಕರೆ ಹೇಗೆ ಕಾಣುತ್ತಿದ್ದಳು ಎಂದು ಕೇಳಬೇಡಿ. ಈಗ ನನಗೂ ಅವಳ ಮುಖ ನೆನಪಿಗೆ ಬರುವುದಿಲ್ಲ. ಆ ಪುಟ ತೆರೆದಾಗ ಅವಳ ದನಿ ಮಾತ್ರ ಕೇಳುತ್ತದೆ. ನಾನಿಲ್ಲೇ ಇದ್ನಲ್ಲವ್ವ.