ಅಟ್ಟೂರಿನ ಖಾಲಿ ಸೈಟಿನಲ್ಲಿ ಬೇಸ್‌ಬಾಲ್

ನಮ್ಮ ಅಟ್ಟೂರಿನಲ್ಲಿ ವಸಂತ ಅಂದರೆ ಹೆಚ್ಚೆಂದರೆ ಹದಿನೈದು ದಿನ. ಶಿವರಾತ್ರಿ ಮುಗಿದ ಮೇಲೆ ಹೊಂಗೆ ಮರಗಳು ಎಲೆ ಉದುರಿಸಿ, ನಾವು ನೋಡನೋಡುತ್ತಿದ್ದಂತೆ ಹೊಸ ಎಲೆ ಹೊದ್ದು ನಿಲ್ಲುತ್ತವೆ. ಬೆಳಗ್ಗೆ ಏಳಕ್ಕೆ ತಣ್ಣನೆ ಗಾಳಿ, ಒಂಬತ್ತಕ್ಕೆ ನೆತ್ತಿ ಸುಡುವ ಬಿಸಿಲು. ಜನ ಈ ಹವೆಯನ್ನು ಹಾಡಿ ಹೊಗಳುತ್ತಾರೆ. ನನಗೆ ಮಾತ್ರ ಹೊಂಗೆ ಚಿಗುರುವುದೇ ಬೇಡ ಅನ್ನಿಸುತ್ತದೆ. ಅಲ್ಯೂಮಿನಿಯಂ ಬ್ಯಾಟಿನ ‘ಟಣ್’ ಅನ್ನುವ ಸದ್ದು ಆ ದಿನಗಳಲ್ಲಿ ಕಿವಿ ಬಿಟ್ಟು ಹೋಗುವುದಿಲ್ಲ. ಬೀದಿಯಲ್ಲಿ ಗ್ಯಾಸ್ ಸಿಲಿಂಡರ್ ಇಳಿಸುವ ಶಬ್ದಕ್ಕೂ ಬೆಚ್ಚಿಬೀಳುತ್ತೇನೆ.

ಆಗ ನನಗೆ ಹದಿನೇಳು. ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮರುವರ್ಷ. ನನಗಿದ್ದ ಹುಚ್ಚು ಹವಾಮಾನದ್ದು. ತಾರಸಿಯಲ್ಲಿ ನೀರಿನ ಟ್ಯಾಂಕಿನ ನೆರಳಿಗೆ ಒಂದು ಥರ್ಮಾಮೀಟರ್ ನೇತುಹಾಕಿ, ದಿನಕ್ಕೆ ಮೂರು ಸಲ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಅಪ್ಪ ರೇವತಿ ಮಳೆ, ಅಶ್ವಿನಿ ಮಳೆ ಅಂತ ಬೆರಳು ಮಡಚಿ ಹೇಳಿದರೆ ನಾನು ಡಿಗ್ರಿ ಲೆಕ್ಕದಲ್ಲಿ ಹೇಳುತ್ತಿದ್ದೆ. ಇಬ್ಬರ ಭವಿಷ್ಯವೂ ಒಂದೇ ಥರ ಸುಳ್ಳಾಗುತ್ತಿತ್ತು. ಆದರೂ ಮನೆಯಲ್ಲಿ ಹಪ್ಪಳ ಒಣಹಾಕುವ ಮುಂಚೆ ನನ್ನನ್ನೇ ಕೇಳುತ್ತಿದ್ದರು. ಅದರ ಜಂಬ ನನಗೆ ಸಾಕಷ್ಟಿತ್ತು.

ಬೇಸ್‌ಬಾಲ್ ಹುಚ್ಚು ಅಕ್ಕನದು. ಅಕ್ಕ ಅಂದರೆ ನನ್ನ ದೊಡ್ಡಪ್ಪನ ಮಗಳು, ನನಗಿಂತ ಎರಡು ವರ್ಷ ದೊಡ್ಡವಳು. ದೊಡ್ಡಪ್ಪನ ಹಿತ್ತಲ ಮನೆಯಲ್ಲಿ ಬಾಡಿಗೆಗಿದ್ದ ಪಿ.ಟಿ. ಮೇಷ್ಟ್ರೊಬ್ಬರು ಅವಳಿಗೆ ಈ ಆಟ ಹಚ್ಚಿಸಿದ್ದರು. ಕ್ರಿಕೆಟ್ಟಿಗಾದರೆ ಊರೆಲ್ಲ ನುಗ್ಗುತ್ತದೆ, ಇದನ್ನು ಆಡುವವರೇ ಇಲ್ಲ, ಜಿಲ್ಲಾ ತಂಡ ಸೇರಿದರೆ ಸರ್ಟಿಫಿಕೇಟ್ ಗ್ಯಾರಂಟಿ ಅನ್ನುವುದು ಮೇಷ್ಟ್ರ ವಾದ. ನಾನು ಸರ್ಟಿಫಿಕೇಟಿನ ಆಸೆಗೇ ಹೋದವನು. ಅಕ್ಕ ಹಾಗಲ್ಲ, ನಿಜವಾಗಿ ಆಡುತ್ತಿದ್ದಳು. ಅವಳು ಕ್ಯಾಚರ್. ಬ್ಯಾಟ್ ಹಿಡಿದವನ ಬೆನ್ನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು, ಎಂಥ ಬಾಲ್ ಬಂದರೂ ರೆಪ್ಪೆ ಹೊಡೆಯದೆ ಹಿಡಿಯುತ್ತಿದ್ದಳು. ಮನೆಯಲ್ಲಿ ಹಲ್ಲಿಗೆ ಹೆದರುವ ಹುಡುಗಿ, ಅಲ್ಲಿ ಯಾವುದಕ್ಕೂ ಹೆದರುತ್ತಿರಲಿಲ್ಲ.

ಮೈದಾನ ಅಂತ ಬೇರೆ ಇರಲಿಲ್ಲ. ದೊಡ್ಡಪ್ಪ ರಾಗಿ ಹೊಲವನ್ನು ಲೇಔಟ್ ಮಾಡಿ ಸೈಟ್ ಕಲ್ಲು ನೆಡಿಸಿದ್ದರು. ನಾಲ್ಕು ಖಾಲಿ ಸೈಟುಗಳ ಮೂಲೆಗಲ್ಲುಗಳೇ ನಮ್ಮ ನಾಲ್ಕು ಬೇಸು. ನನ್ನ ತೊಂದರೆಯೆಲ್ಲ ಕ್ರಿಕೆಟ್ ಅಭ್ಯಾಸದ್ದು. ಬಾಲ್ ಹೊಡೆದ ಮೇಲೆ ಬ್ಯಾಟ್ ಕೆಳಗೆ ಬಿಟ್ಟು ಓಡಬೇಕು, ನಾನು ರನ್ನಿಗೆ ಓಡುವವನಂತೆ ಕೈಯಲ್ಲೇ ಹಿಡಿದು ಓಡುತ್ತಿದ್ದೆ. ಕಲ್ಲಿನ ಹತ್ತಿರ ಹೋಗಿ ಬ್ಯಾಟನ್ನು ನೆಲಕ್ಕೆ ಒರೆಸುವುದು ಬೇರೆ.

“ಬ್ಯಾಟ್ ಬಿಡೋ. ಅದೇನ್ ನಿಮ್ಮಪ್ಪನ ಆಸ್ತೀನಾ?” ಅಂತ ಮೇಷ್ಟ್ರು ಕೂಗಿದರೆ ಅಕ್ಕ ಕಿಸಕ್ಕನೆ ನಗುತ್ತಿದ್ದಳು. ಪ್ರತಿ ತಪ್ಪಿಗೂ ಲೇಔಟಿನ ಸುತ್ತ ಐದು ಸುತ್ತು ಓಡಿಸುತ್ತಿದ್ದರು. ಆ ವಾರ ಓಡಿ ಓಡಿ ನನ್ನ ಕಾಲು ಬಿದ್ದುಹೋಗಿತ್ತು. ಇನ್ನು ಏನಾದರಾಗಲಿ, ಬ್ಯಾಟ್ ಕೈಯಲ್ಲಿ ಉಳಿಯಬಾರದು ಅಂತ ತೀರ್ಮಾನಿಸಿದ್ದೆ.

ಯುಗಾದಿಗೆ ಇನ್ನೂ ಒಂದು ವಾರ ಇತ್ತು. ಭಾನುವಾರ ಬೆಳಗ್ಗೆ ನಾವು ಮೂವರೇ. ಮುಖಕ್ಕೆ ಹಾಕುವ ಕಬ್ಬಿಣದ ಜಾಲರಿ ಒಂದೇ ಇತ್ತು, ಅದನ್ನು ಅಕ್ಕ ಹಾಕಿಕೊಳ್ಳುತ್ತಿದ್ದಳು. ಬೆವರು ಒರೆಸಲು ಅದನ್ನು ಬಿಚ್ಚಿ, “ಒಂದ್ನಿಮಿಷ ಇರೋ” ಅಂದಳು. ನಾನು ಹವಾಮಾನ ಪಂಡಿತ. “ಇನ್ ಹತ್ ನಿಮಿಷಕ್ಕೆ ಬಿಸ್ಲು ಏರತ್ತೆ. ಕೊನೇ ಬಾಲು, ಹಾಕಿ ಸಾರ್” ಅಂದೆ. ಅಕ್ಕ ಜಾಲರಿ ಪಕ್ಕಕ್ಕಿಟ್ಟು ಹಾಗೇ ಕೂತಳು. ಮೇಷ್ಟ್ರು ಎಸೆದರು. ಅಂಥ ಹೊಡೆತ ನಾನು ಅದುವರೆಗೆ ಹೊಡೆದಿರಲಿಲ್ಲ. ಟಣ್ ಅಂತು. ಬಾಲ್ ನೀಲಗಿರಿ ತೋಪಿನ ಕಡೆ ಹೋಯಿತು. ಬ್ಯಾಟ್ ಬೀಸಿದ ರಭಸ ಇಳಿಯುವ ಮೊದಲೇ ನಾನು ಕೈ ಸಡಿಲ ಬಿಟ್ಟೆ. ಅದು ಹಿಂದಕ್ಕೆ ಹಾರಿತು.

ಮೊದಲ ಕಲ್ಲು ಮುಟ್ಟಿ, ಈ ಸಲ ಸರಿಯಾಗಿ ಬಿಟ್ಟೆ ಅಂತ ಖುಷಿಯಿಂದ ತಿರುಗಿ ನೋಡಿದೆ. ಅಕ್ಕ ಮಣ್ಣಿನಲ್ಲಿ ಬಿದ್ದಿದ್ದಳು.

ಆಸ್ಪತ್ರೆಗೆ ದೊಡ್ಡಪ್ಪ ಓಡಿ ಬಂದಾಗ ಮೇಷ್ಟ್ರೇ ಮೊದಲು ಬಾಯಿ ತೆರೆದರು. “ಬಾಲ್ ಬ್ಯಾಟಿಗ್ ಸವರ್ಕೊಂಡು ಎಗರ್ಬಿಡ್ತು ಯಜಮಾನ್ರೇ. ಆಟದಲ್ಲಿ ಆಗೋದೇ. ಅಲ್ವೇನೋ?” ನನ್ನತ್ತ ನೋಡಿದರು. ಜಾಲರಿ ಇಲ್ಲದೆ ಆಡಿಸಿದ ತಪ್ಪು ಅವರದು, ಬ್ಯಾಟ್ ಎಸೆದ ತಪ್ಪು ನನ್ನದು. ನಾನು ಹೂಂ ಅಂತ ತಲೆಯಾಡಿಸಿದೆ. ಎರಡು ತಿಂಗಳಲ್ಲಿ ಮೇಷ್ಟ್ರು ಮನೆ ಖಾಲಿ ಮಾಡಿ ತಮ್ಮ ಊರಿಗೆ ಹೋದರು. ಅಕ್ಕನ ಎಡಗಣ್ಣಿಗೆ ಬೆಳಕು ಕತ್ತಲೆ ಬಿಟ್ಟು ಬೇರೇನೂ ಕಾಣಿಸದಂತಾಯಿತು. ನೋಟ್‌ಬುಕ್ಕಿನಲ್ಲಿ ಆ ದಿನದ ಎದುರು ಬೆಳಗಿನ ಡಿಗ್ರಿ ಇದೆ, ‘ಆಕಾಶ ಶುಭ್ರ’ ಅಂತಿದೆ, ಅಷ್ಟೇ.

ಸುಳ್ಳು ಅಲ್ಲಿಗೇ ನಿಂತಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಅಕ್ಕನಿಗೆ ಆ ಗಳಿಗೆಯ ನೆನಪೇ ಉಳಿದಿರಲಿಲ್ಲ. ನಾವು ಹೇಳಿದ್ದನ್ನು ನಂಬಿ, ಖಾಲಿಯಿದ್ದ ಜಾಗವನ್ನು ತಾನೇ ತುಂಬಿಕೊಂಡಳು. “ಬಾಲ್ ನೋಡ್ತಿದ್ರೆ ಗ್ಲೌಸಲ್ಲಿ ಹಿಡೀತಿದ್ದೆ. ಹೆದ್ರಿ ಮುಖ ತಿರುಗ್ಸಿರ್ಬೇಕು” ಅಂದಳು. ಆಮೇಲೆ ಯಾವುದಕ್ಕೆ ಕರೆದರೂ ಅದೇ ಮಾತು. ಸ್ಕೂಟರ್ ಕಲಿಯುವುದಕ್ಕೆ, ಕೆಲಸಕ್ಕೆ ಅರ್ಜಿ ಹಾಕುವುದಕ್ಕೆ, “ನನ್ ಕೈಲಾಗಲ್ಲ ಬಿಡೋ, ನಾನು ಪುಕ್ಕಲಿ.” ಪ್ರತಿ ಸಲವೂ ನಾನು ಎದುರಿಗೇ ಇರುತ್ತಿದ್ದೆ, ಪ್ರತಿ ಸಲವೂ ಸುಮ್ಮನಿದ್ದೆ. ಕಣ್ಣು ಕಿತ್ತುಕೊಂಡದ್ದಕ್ಕಿಂತ ಇದೇ ದೊಡ್ಡ ಪಾಪ ಅಂತ ನನಗೆ ಗೊತ್ತಿತ್ತು.

ಒಂಬತ್ತು ವರ್ಷ ಹೀಗೇ ಕಳೆಯಿತು. ಅಕ್ಕ ಮದುವೆಯಾಗಿ ಗಂಗಾನಗರಕ್ಕೆ ಹೋಗಿದ್ದಳು. ಯುಗಾದಿಯ ಹಿಂದಿನ ದಿನ ಬೇವು, ಮಾವಿನ ಸೊಪ್ಪು ಕೊಟ್ಟು ಬರೋಣ ಅಂತ ಬೆಳಗ್ಗೆ ಅವಳ ಮನೆಗೆ ಹೋದೆ. ಮನೆಯೆದುರು ಐದು ವರ್ಷದ ಮಗಳಿಗೆ ಟೆನಿಸ್ ಬಾಲ್ ಎಸೆದು ಕ್ಯಾಚ್ ಹಿಡಿಯುವುದು ಕಲಿಸುತ್ತಿದ್ದಳು. ಮಗು ಬಾಲ್ ಬಂದೊಡನೆ ಮುಖ ತಿರುಗಿಸಿತು. ಅಕ್ಕ ಅದರ ಮುಂದೆ ಕೂತು ತನ್ನ ಎಡಗಣ್ಣಿನ ರೆಪ್ಪೆ ಎಳೆದು ತೋರಿಸಿದಳು.

“ಹಿಂಗ್ ತಿರುಗಿಸ್ಬಾರ್ದು ಪುಟ್ಟಿ. ಅಮ್ಮ ಹೆದ್ರಿ ತಿರುಗಿಸಿದ್ಲು. ನೋಡು ಏನಾಯ್ತು.”

ಮಗು ಎರಡೂ ಕೈಯಿಂದ ತನ್ನ ಕಣ್ಣು ಮುಚ್ಚಿಕೊಂಡಿತು. ನನ್ನ ಕೈಯಲ್ಲಿದ್ದ ಸೊಪ್ಪಿನ ಚೀಲ ಕೆಳಗೆ ಬಿತ್ತು. ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಬಾಲ್ ಅಲ್ಲ, ಬ್ಯಾಟ್ ಅಂದೆ. ನಾನೇ ಎಸೆದದ್ದು ಅಂದೆ. ಮೇಷ್ಟ್ರು ಹೇಳಿದ್ದಕ್ಕೆ ತಲೆಯಾಡಿಸಿದವನೂ ನಾನೇ ಅಂದೆ.

ಅಕ್ಕ ಒಂದೇ ಪ್ರಶ್ನೆ ಕೇಳಿದಳು.

“ನಾನು ಮುಖ ತಿರುಗಿಸಿರ್ಲಿಲ್ವಾ?”

“ಇಲ್ಲ ಅಕ್ಕ. ಕೊನೇ ಸಲ ನಾನ್ ನೋಡ್ದಾಗ ನೀನ್ ನೆಟ್ಟಗೆ ನೋಡ್ತಾನೇ ಇದ್ದೆ.”

ಬೈಯುತ್ತಾಳೆ, ಹೊಡೆಯುತ್ತಾಳೆ, ಇನ್ನು ಮೇಲೆ ಮನೆಗೆ ಬರಬೇಡ ಅನ್ನುತ್ತಾಳೆ ಅಂತ ಕಾದೆ. ಅವಳು ಮಗುವಿನ ಕಾಲ ಬಳಿ ಬಿದ್ದಿದ್ದ ಬಾಲ್ ಎತ್ತಿ ನನ್ನ ಕೈಗಿಟ್ಟಳು. ಹತ್ತು ಹೆಜ್ಜೆ ಹಿಂದೆ ಹೋಗಿ, ಸೀರೆ ನೆರಿಗೆ ಮೇಲೆತ್ತಿ ಸಿಕ್ಕಿಸಿ, ರಸ್ತೆಯಲ್ಲೇ ಕುಕ್ಕರುಗಾಲಿನಲ್ಲಿ ಕೂತಳು.

“ಹಾಕು. ಮೆತ್ತಗಲ್ಲ, ಜೋರಾಗಿ.”

ಹಾಕಿದೆ. ಒಂದೇ ಕಣ್ಣಿಗೆ ದೂರದ ಅಂದಾಜು ಸಿಗುವುದಿಲ್ಲ. ಅವಳ ಕೈ ಒಂದು ಗೇಣು ಆಚೆ ಮುಚ್ಚಿತು, ಬಾಲ್ ಭುಜದ ಮೂಳೆಗೆ ಬಡಿಯಿತು. ಮುಖ ಅಲುಗಲಿಲ್ಲ. ರೆಪ್ಪೆಯೂ ಹೊಡೆಯಲಿಲ್ಲ.

“ನೋಡಿದ್ಯಾ?” ಅಂತ ಅವಳು ಕೇಳಿದ್ದು ಮಗಳನ್ನು. ನನ್ನ ಕಡೆ ತಿರುಗಿ, “ಇನ್ನೊಂದ್ ಹಾಕು” ಅಂದಳು.